ಮಾವನ ಕಾರು, ಮಂಚದ ಕೆಳಗಿನ ಡಬ್ಬಗಳು

ನಮ್ಮ ಮಂಚದ ಕೆಳಗೆ ಏನೇನಿದೆ ಅಂತ ಅಮ್ಮನಿಗೆ ಪೂರ್ತಿ ಗೊತ್ತಿಲ್ಲ. ಗೊತ್ತಿರುವಷ್ಟಕ್ಕೇ ಸಾಕಷ್ಟು ಬೈಯುತ್ತಾಳೆ. ಮುಂದಿನ ಸಾಲಿನಲ್ಲಿ ಇರುವುದು ಅವಳ ಸಾಮಾನು. ದಸರಾ ಗೊಂಬೆ ಪೆಟ್ಟಿಗೆ, ಎರಡು ಉಪ್ಪಿನಕಾಯಿ ಜಾಡಿ, ಯಾರದೋ ಮದುವೆಯಲ್ಲಿ ಬಂದ ಸ್ಟೀಲ್ ಕೊಳಗ. ಅದರ ಹಿಂದೆ, ಗೋಡೆಗೆ ಒತ್ತಿಕೊಂಡು ಕೂತಿರುವುದು ನನ್ನ ಸಾಮಾನು. ಹಿಂದಿನ ಲೈಟು ಎರಡು ಜೊತೆ. ಹಾವಿನ ಹಾಗೆ ಸುತ್ತಿಟ್ಟ ಬಾಗಿಲಿನ ರಬ್ಬರು. ಒಂದು ವೈಪರ್ ಮೋಟಾರು. 1,43,618 ಕಿಲೋಮೀಟರಿಗೆ ನಿಂತುಹೋದ ಒಂದು ಮೀಟರು. ಹಳೆ ಪೇಪರಿನಲ್ಲಿ ಸುತ್ತಿದ ಎರಡು ಡಿಸ್ಟ್ರಿಬ್ಯೂಟರು, ಅಂದರೆ ಎಂಜಿನ್ನಿನ ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಸಾಮಾನು.

ಇಷ್ಟೂ ಒಂದೇ ಕಾರಿಗೆ. 2002ರ ಹೋಂಡಾ ಸಿಟಿ, 1.5 ವಿಟೆಕ್.

ಇದನ್ನು ಜಪಾನಿನ ಸ್ಪೋರ್ಟ್ಸ್ ಕಾರು ಅಂತ ನಾನು ಕರೆದರೆ ಆಫೀಸಿನ ಹುಡುಗರು ನಗುತ್ತಾರೆ. ನಗಲಿ. ನಾಲ್ಕು ಬಾಗಿಲಿದೆ, ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ ಹಿಡಿಸುತ್ತದೆ, ನಿಜ. ಅವರ ಪ್ರಕಾರ ಜಪಾನಿನ ಸ್ಪೋರ್ಟ್ಸ್ ಕಾರು ಅಂದರೆ 1967ರ ಟೊಯೋಟಾ 2000ಜಿಟಿ, 1969ರ ಡಾಟ್ಸನ್ 240ಝಡ್, 1989ರ ಮಜ್ಡಾ ಎಂಎಕ್ಸ್-5. ಅದೂ ನಿಜವೇ. ಆದರೆ ಅವು ನಮ್ಮ ಬೀದಿಗೆ ಬಂದವೇ? ಇವತ್ತಿಗೂ ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್‌ಹ್ಯಾಂಡ್ ಕಾರನ್ನು ಹೊರದೇಶದಿಂದ ತರಿಸಲು ಸಾಮಾನ್ಯರಿಗೆ ದಾರಿ ಇಲ್ಲ. ನಮ್ಮ ತಲೆಮಾರಿಗೆ ಆ ಕಾರುಗಳೆಲ್ಲ ಮೊದಲು ಪೋಸ್ಟರಿನಲ್ಲಿದ್ದವು, ಈಗ ಫೋನಿನಲ್ಲಿವೆ. ಬೀದಿಗೆ ಬಂದದ್ದು ಈ ಸಿಟಿ. 1998ರಲ್ಲಿ ಬಂತು, ವಿಟೆಕ್ ಎಂಜಿನ್ 2000ದಲ್ಲಿ. 1493 ಸಿಸಿ, 106 ಕುದುರೆ ಶಕ್ತಿ, ತೂಕ ಒಂದು ಟನ್ನಿಗೆ ಚೂರು ಜಾಸ್ತಿ. ಸುತ್ತಮುತ್ತ ಓಡುತ್ತಿದ್ದ ಮಾರುತಿ 800ಗೆ ಇದ್ದದ್ದು 40ರ ಆಸುಪಾಸು. ಸಿಗ್ನಲ್ಲಿನಲ್ಲಿ ಪಕ್ಕ ಬಂದು ನಿಂತವರಿಗೆ ಇದು ಏನು ಅಂತ ಆಗ ಚೆನ್ನಾಗಿ ಗೊತ್ತಿತ್ತು.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಈ ಸಿಟಿ ಜಪಾನಿನಲ್ಲಿ ಮಾರಾಟವೇ ಆಗಲಿಲ್ಲ. 1996ರಲ್ಲಿ ಮೊದಲು ಥಾಯ್ಲೆಂಡಿಗೆ ಬಂತು. ನಮ್ಮದು ಗ್ರೇಟರ್ ನೋಯ್ಡಾದ ಕಾರ್ಖಾನೆಯಲ್ಲಿ ತಯಾರಾದದ್ದು. ಅತ್ತ ಜಪಾನಿನಲ್ಲಿ 1981ರಿಂದ ಸಿಟಿ ಅನ್ನುವ ಹೆಸರಿನಲ್ಲಿ ಬೇರೆಯದೇ ಒಂದು ಪುಟ್ಟ ಕಾರಿತ್ತು. ಅದರ ಡಿಕ್ಕಿಯಲ್ಲಿ ಮಡಚಿಡುವ ಒಂದು ಚಿಕ್ಕ ಮೋಟರ್‌ಸೈಕಲ್ ಕೂರುತ್ತಿತ್ತಂತೆ. ನನಗೆ ಆ ಮೋಟರ್‌ಸೈಕಲ್ ಮೇಲೆ ಸಿಕ್ಕಾಪಟ್ಟೆ ಆಸೆ. ಆದರೆ ಅದು ಬೇರೆ ಕತೆ, ಅಮ್ಮನಿಗೆ ಹೇಳಬೇಡಿ.

ಕಾರು ನನ್ನ ಸೋದರಮಾವನದು. ಮಾವ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿದ್ದವರು. ಆ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದದ್ದು. ಮಾವ ಸೇರುವ ಹೊತ್ತಿಗೆ ಜಪಾನಿನವರು ಯಾವಾಗಲೋ ವಾಪಸ್ ಹೋಗಿದ್ದರು. ಆದರೂ ಮಾವನಿಗೆ ಜಪಾನ್ ಅಂದರೆ ಒಂಥರಾ ಗುರುಭಕ್ತಿ. ವಿಆರ್‌ಎಸ್ ತಗೊಂಡರು, ಬಂದ ದುಡ್ಡಿನಲ್ಲಿ ಈ ಕಾರು ತಂದರು. "ಕೆಂಗೇರಿ ಹತ್ರ ಒಂದು ಸೈಟ್ ಬರ್ತಿತ್ತು, ಈ ಮನುಷ್ಯ ಕಾರ್ ತಂದ" ಅಂತ ಅಮ್ಮ ಇಪ್ಪತ್ತು ವರ್ಷದಿಂದ ಹೇಳುತ್ತಲೇ ಇದ್ದಾಳೆ. ಆ ಸೈಟಿನ ಇವತ್ತಿನ ಬೆಲೆ ಎಷ್ಟು ಅನ್ನುವುದನ್ನೂ ಪ್ರತಿ ವರ್ಷ ಅಪ್‌ಡೇಟ್ ಮಾಡುತ್ತಾಳೆ.

ನಾನು ಡ್ರೈವಿಂಗ್ ಕಲಿತದ್ದು ಇದೇ ಕಾರಿನಲ್ಲಿ, ಭಾನುವಾರ ಬೆಳಿಗ್ಗೆ, ಜಯನಗರದ ಖಾಲಿ ರಸ್ತೆಗಳಲ್ಲಿ. ಆಗ ಖಾಲಿ ರಸ್ತೆಗಳಿದ್ದವು. ಮಾವ ಪಕ್ಕದಲ್ಲಿ ಕೂತು, ಗೇರ್ ಬದಲಿಸುವಾಗ ನನ್ನ ಕೈ ನೋಡುತ್ತಿರಲಿಲ್ಲ, ಶಬ್ದ ಕೇಳುತ್ತಿದ್ದರು. "ಅದಕ್ಕೆ ನೋವಾಯ್ತು ಪುಟ್ಟಿ" ಅನ್ನುತ್ತಿದ್ದರು. ನಾನು ಕ್ಲಚ್ ಬಿಡುವ ಅಂದಕ್ಕೆ ಅದಕ್ಕೆ ದಿನಕ್ಕೆ ಹತ್ತು ಸಲ ನೋವಾಗುತ್ತಿತ್ತು.

ಆಮೇಲೆ ಮಾವನ ಕಣ್ಣಿಗೆ ಗ್ಲಾಕೋಮಾ ಬಂತು. ಗಡಿಯಾರದ ಕೂದಲೆಳೆಯ ಸ್ಪ್ರಿಂಗು ನೋಡಿದ ಕಣ್ಣು, ಬದಿಯಿಂದ ಬರುವ ಸ್ಕೂಟರ್ ಕಾಣದ ಹಾಗಾಯಿತು. 2015ರಲ್ಲಿ ಕೀಲಿ ಗೋಡೆಯ ಮೊಳೆಗೆ ಹಾಕಿದವರು ಮತ್ತೆ ತೆಗೆಯಲಿಲ್ಲ. 2017ಕ್ಕೆ ಹದಿನೈದು ವರ್ಷ ತುಂಬಿದಾಗ, ಓಡದ ಕಾರನ್ನು ಹೇಗೋ ತಳ್ಳಿಸಿಕೊಂಡು ಹೋಗಿ ಆರ್‌ಸಿ ಮಾತ್ರ ರಿನ್ಯೂ ಮಾಡಿಸಿದ್ದರು. ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕಾರು ಹೊಂಗೆ ಮರದ ಕೆಳಗೆ ಹೊದಿಕೆ ಹೊದ್ದು ನಿಂತೇ ಇತ್ತು.

2021ರಲ್ಲಿ ಆ ಹೊದಿಕೆ ತೆಗೆದವಳು ನಾನು. ಹೊದಿಕೆ ನನ್ನ ಕೈಯಲ್ಲೇ ಹಪ್ಪಳದ ಹಾಗೆ ಮುರಿಯಿತು. ಬಾನೆಟ್ ಎತ್ತಿದರೆ ಇಲಿ ಸಂಸಾರ. ಹೊಂಗೆ ಎಲೆ, ಸೀಟಿನ ಸ್ಪಂಜು, ಒಂದು ಪಂಚಾಂಗದ ಹಾಳೆ, ಎಲ್ಲ ಸೇರಿಸಿ ಚೆಂದದ ಮನೆ ಕಟ್ಟಿದ್ದವು. ವೈರುಗಳ ಪ್ಲಾಸ್ಟಿಕ್ ತಿಂದು ತಾಮ್ರ ಬಿಟ್ಟಿದ್ದವು. ಟೈರುಗಳು ನಿಂತ ಕಡೆ ಚಪ್ಪಟೆಯಾಗಿದ್ದವು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲಿನ ವಾಸನೆ ಅಲ್ಲ, ಹಳೆ ವಾರ್ನಿಶ್ ವಾಸನೆ.

ನನಗೆ ಸಿಕ್ಕಿದ ಮೆಕ್ಯಾನಿಕ್ಕು ವಿಲ್ಸನ್ ಗಾರ್ಡನ್ ಕಡೆಯವರು. ಎಲ್ಲರೂ ಭಾಯ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರು ನನ್ನನ್ನು ಮೊದಲ ಆರು ತಿಂಗಳು ಮೇಡಂ ಅಂದರು. ಒಂದು ದಿನ ನಾನೇ ಕೈ ತೂರಿಸಿ ಆಲ್ಟರ್ನೇಟರ್ ಬೋಲ್ಟ್ ಬಿಚ್ಚಿದ ಮೇಲೆ ಅಕ್ಕ ಅನ್ನತೊಡಗಿದರು. ವಯಸ್ಸಿನಲ್ಲಿ ಅವರು ನನಗಿಂತ ಹದಿನೈದು ವರ್ಷ ದೊಡ್ಡವರು.

ಮೊದಲ ದಿನ ನಾನು ಹೊಸ ಬ್ಯಾಟರಿ ಹಿಡಿದುಕೊಂಡು ನಿಂತಿದ್ದೆ. "ಸೆಲ್ಫ್ ಹೊಡೀಬೇಡಿ ಮೇಡಂ" ಅಂದರು ಭಾಯ್. ಆರು ವರ್ಷ ನಿಂತ ಎಂಜಿನ್ನಿನೊಳಗೆ ಪಿಸ್ಟನ್ ರಿಂಗು ಒಣಗಿ ಗೋಡೆಗೆ ಅಂಟಿರುತ್ತದೆ. ಸೆಲ್ಫ್ ಹೊಡೆದರೆ ಗೀರು ಬೀಳುತ್ತದೆ, ಆಮೇಲೆ ಆ ಗೋಡೆ ಕೊರೆಸುವ ರೀಬೋರಿಗೇ ಹೋಗಬೇಕು. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಎರಡು ಚಮಚ ಆಯಿಲ್ ಬಿಟ್ಟು, ಎರಡು ದಿನ ಹಾಗೇ ಬಿಟ್ಟೆವು. ಮೂರನೆಯ ದಿನ ಕ್ರ್ಯಾಂಕ್ ಪುಲ್ಲಿಗೆ ಸ್ಪಾನರ್ ಹಾಕಿ ಕೈಯಲ್ಲಿ ತಿರುಗಿಸಬೇಕಿತ್ತು. ನಾನು ಉತ್ಸಾಹದಿಂದ ಬಲಕ್ಕೆ ತಿರುಗಿಸಲು ಹೋದೆ. ಭಾಯ್ ನನ್ನ ಕೈ ಹಿಡಿದೇಬಿಟ್ಟರು.

"ಉಲ್ಟಾ, ಉಲ್ಟಾ. ಎಲ್ಲಾ ಗಾಡಿ ಹಿಂಗೆ ತಿರುಗುತ್ತೆ, ಇದು ಹಂಗೆ."

ಆ ಕಾಲದ ಹೋಂಡಾ ಎಂಜಿನ್ನುಗಳ ವಿಶೇಷ ಅದು. ಉಳಿದ ಹೆಚ್ಚಿನ ಎಂಜಿನ್ನುಗಳು ಗಡಿಯಾರದ ಮುಳ್ಳಿನ ಹಾಗೆ ತಿರುಗಿದರೆ ಇವು ಎದುರು ದಿಕ್ಕಿಗೆ. ಮಾವನಿಗೆ ಹೇಳಿದೆ. ಜೀವನವೆಲ್ಲ ಗಡಿಯಾರ ಮಾಡಿದವರು, ತಗೊಂಡ ಕಾರು ಮಾತ್ರ ಅಪ್ರದಕ್ಷಿಣೆ ಹಾಕುವಂಥದ್ದು ಅಂತ. ತುಂಬ ಹೊತ್ತು ನಕ್ಕರು.

ಮೊದಲ ಕಾಲು ಸುತ್ತು ಬಂದಾಗ ಒಳಗಿನಿಂದ ಒಂದು ನಿಟ್ಟುಸಿರಿನಂಥ ಸದ್ದು. ನಾಲ್ಕು ಪ್ಲಗ್ ತೂತಿನಿಂದಲೂ ಆಯಿಲ್ ಹನಿ ಹನಿಯಾಗಿ ಉಗುಳಿತು, ಭಾಯ್ ಅಂಗಿಗೆ. "ಜೀವ ಇದೆ" ಅಂದರು, ಅಂಗಿ ಒರೆಸಿಕೊಳ್ಳದೆ.

ಟೈಮಿಂಗ್ ಬೆಲ್ಟು ಮತ್ತು ಅದರಿಂದಲೇ ತಿರುಗುವ ವಾಟರ್ ಪಂಪು ಎರಡನ್ನೂ ಸ್ಟಾರ್ಟ್ ಮಾಡುವ ಮೊದಲೇ ಬದಲಿಸಿದೆವು. ಅದರಲ್ಲಿ ಜಿಪುಣತನ ನಡೆಯುವುದಿಲ್ಲ. ರಬ್ಬರಿನ ಬೆಲ್ಟು ಓಡದಿದ್ದರೂ ಮುದಿಯಾಗುತ್ತದೆ. ಓಡುವಾಗ ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಹೆಡ್ಡೇ ಹೋಗುತ್ತದೆ. ಬ್ರೇಕು, ಕ್ಲಚ್ಚು, ಟ್ಯಾಂಕು ತೊಳೆಸಿದ್ದು ಇವೆಲ್ಲ ಯಾವ ಹಳೆ ಕಾರಿಗೂ ಇರುವ ಪಾಡು. ಬರೆದರೆ ನಿಮಗೂ ಬೇಜಾರು.

ಕಾರು ಸ್ಟಾರ್ಟ್ ಆಯಿತು, ಓಡಿತು. ಆದರೆ ಅದು ಇರಬೇಕಾದ ಹಾಗೆ ಇರಲಿಲ್ಲ. ನೈಸ್ ರೋಡಿನಲ್ಲಿ ಮೂರನೇ ಗೇರಿನಲ್ಲಿ ತುಳಿದರೆ ಸುಮ್ನೆ ಕೂಗುತ್ತಿತ್ತು ಅಷ್ಟೆ. ನನಗೆ ನೆನಪಿದ್ದದ್ದು ಬೇರೆ. ಎಂಜಿನ್ನು ನಿಮಿಷಕ್ಕೆ ಐದು ಸಾವಿರ ಸುತ್ತಿನ ಆಸುಪಾಸಿಗೆ ಬಂದಾಗ ದನಿ ಬದಲಾಗಿ, ಬೆನ್ನು ಸೀಟಿಗೆ ಒತ್ತುವ ಆ ಒಂದು ಗಳಿಗೆ. ವಿಟೆಕ್ ಅಂದರೆ ಅದೇ.

ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಹೇಳಲೇಬೇಕು. ಎಂಜಿನ್ನಿನೊಳಗೆ ಗಾಳಿ ಬಿಡುವ ವಾಲ್ವುಗಳನ್ನು ಎತ್ತುವುದು ಕ್ಯಾಮ್ ಶಾಫ್ಟಿನ ಉಬ್ಬುಗಳು. ಉಬ್ಬು ಚಿಕ್ಕದಾದರೆ ಊರೊಳಗೆ ನಯವಾಗಿ ಓಡುತ್ತದೆ, ದೊಡ್ಡದಾದರೆ ಹೈವೇಯಲ್ಲಿ ಹಾರುತ್ತದೆ, ಆದರೆ ಸಿಗ್ನಲ್ಲಿನಲ್ಲಿ ಕೆಮ್ಮುತ್ತದೆ. ಹೋಂಡಾದ ಎಂಜಿನಿಯರ್ ಇಕುವೊ ಕಜಿತಾನಿ ಮತ್ತವರ ಜೊತೆಯವರು ಎರಡನ್ನೂ ಒಂದೇ ಶಾಫ್ಟಿನಲ್ಲಿ ಕೂರಿಸಿದರು. ಪಕ್ಕಪಕ್ಕ ಮೂರು ತೋಳು. ನಿಧಾನ ಹೋಗುವಾಗ ಆಚೆ ಈಚೆಯ ಎರಡು ತೋಳು ಚಿಕ್ಕ ಉಬ್ಬಿನ ಮೇಲೆ ತಮ್ಮ ಪಾಡಿಗೆ ನಡೆಯುತ್ತವೆ. ನಡುವಿನದು ದೊಡ್ಡ ಉಬ್ಬಿನ ಮೇಲೆ ಒಂಟಿಯಾಗಿ ಕುಣಿಯುತ್ತಿರುತ್ತದೆ, ಯಾರಿಗೂ ಸಂಬಂಧವಿಲ್ಲ. ಎಂಜಿನ್ ವೇಗ ಏರಿದಾಗ ಕಂಪ್ಯೂಟರ್ ಒಂದು ವಾಲ್ವ್ ತೆರೆಯುತ್ತದೆ, ಆಯಿಲ್ ಒತ್ತಡ ಒಂದು ಪಿನ್ನನ್ನು ತಳ್ಳುತ್ತದೆ, ಮೂರು ತೋಳೂ ಕೈ ಕೈ ಹಿಡಿದುಕೊಳ್ಳುತ್ತವೆ. ಆಮೇಲೆ ಮೂವರೂ ನಡುವಿನವನ ಹೆಜ್ಜೆಗೇ ಓಡಬೇಕು. 1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ಇದು ಮೊದಲು ಬಂದಾಗ 1.6 ಲೀಟರಿನ ಎಂಜಿನ್ನು ಟರ್ಬೊ ಇಲ್ಲದೆ 160 ಕುದುರೆ ಶಕ್ತಿ ಕೊಟ್ಟಿತ್ತು. ನಮ್ಮ ಸಿಟಿಯಲ್ಲಿರುವುದು ಅದೇ ಮನೆತನದ ಸರಳ ರೂಪ. ಒಂದೇ ಕ್ಯಾಮ್ ಶಾಫ್ಟು, ಈ ಆಟ ಗಾಳಿ ಒಳಗೆಳೆಯುವ ಕಡೆ ಮಾತ್ರ.

ಅಂದರೆ ಎಲ್ಲ ನಿಂತಿರುವುದು ಆಯಿಲ್ ಮೇಲೆ. ಭಾಯ್ ಹೆಡ್ಡಿನ ಪಕ್ಕದ ಸೊಲೆನಾಯ್ಡ್, ಅಂದರೆ ಕಂಪ್ಯೂಟರ್ ತೆರೆಯುವ ಆ ವಾಲ್ವು, ಬಿಚ್ಚಿದರು. ಮೂರು ಬೋಲ್ಟು, ಅಷ್ಟೇ. ಅದರ ಪ್ಯಾಕಿಂಗಿನಲ್ಲಿ ಒಂದು ಪುಟ್ಟ ಜಾಲರಿ ಇದೆ, ಟೀ ಸೋಸುವ ಜಾಲರಿಯ ತುಂಡಿನ ಹಾಗೆ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಬೆಳಕಿಗೆ ಹಿಡಿದರೆ ಬೆಳಕೇ ಬರಲಿಲ್ಲ. ಆರು ವರ್ಷ ನಿಂತ ಆಯಿಲ್ಲು ಕಾಡಿಗೆಯಾಗಿ ತೂತುಗಳಲ್ಲಿ ಕೂತಿತ್ತು. ಹಳೆ ಟೂತ್‌ಬ್ರಶ್ಶು, ಅರ್ಧ ಲೋಟ ಪೆಟ್ರೋಲು. ಹತ್ತು ನಿಮಿಷ ಉಜ್ಜಿದ ಮೇಲೆ ಒಂದು ತೂತು, ಆಮೇಲೆ ಹತ್ತು, ಆಮೇಲೆ ಜಾಲರಿಯಾಚೆಗೆ ಭಾಯ್ ಗ್ಯಾರೇಜಿನ ಟ್ಯೂಬ್‌ಲೈಟು ಚೌಕ ಚೌಕವಾಗಿ ಕಾಣಿಸಿತು.

ಆ ಸಂಜೆ ನೈಸ್ ರೋಡಿನಲ್ಲಿ ಏನಾಯಿತು ಅಂತ ಬರೆಯುವುದಿಲ್ಲ. ಸ್ಪೀಡ್ ಕ್ಯಾಮೆರಾದವರೂ ಓದುತ್ತಿರಬಹುದು.

ಒಂದು ವಿಷಯ ಮಾತ್ರ ಬಹಳ ತಡವಾಗಿ ಅರ್ಥವಾಯಿತು. ಬೆಂಗಳೂರಿನಲ್ಲಿ ಈ ಕಾರು ಯಾವತ್ತೂ ಪೂರ್ತಿ 106 ಕುದುರೆ ಓಡಿಸಿಯೇ ಇಲ್ಲ. ನಾವಿರುವುದು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿ. ಇಲ್ಲಿ ಗಾಳಿ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ನಿಗೆ ಸಿಗುವ ಉಸಿರೂ ಅಷ್ಟೇ ಕಡಿಮೆ, ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಮಂಗಳೂರಿಗೆ ಹೋದಾಗ ಶಿರಾಡಿ ಇಳಿದು ನೆಲ್ಯಾಡಿ ದಾಟಿದ ಮೇಲೆ ಕಾರಿಗೆ ಏನೋ ಆಗಿದೆ ಅನ್ನಿಸಿತು. ಅದೇ ಪೆಟ್ರೋಲು, ಅದೇ ಕಾಲು, ಪಿಕಪ್ ಮಾತ್ರ ಬೇರೆ. ಊರಿಗೆ ಹೋದ ಸೊಸೆ ತವರಿನಲ್ಲಿ ಬೇರೆಯೇ ದನಿಯಲ್ಲಿ ಮಾತಾಡುತ್ತಾಳಲ್ಲ, ಹಾಗೆ. ನಾನು ಅಲ್ಲೇ ಇದ್ದುಬಿಡಬೇಕು ಅಂದುಕೊಳ್ಳುವಷ್ಟರಲ್ಲಿ ಉಪ್ಪುಗಾಳಿ ನೆನಪಾಯಿತು. ಹಳೆ ಕಾರು ಕೊಳ್ಳುವವರು ಕರಾವಳಿ ಗಾಡಿ ಅಂದರೆ ಬಗ್ಗಿ ಕೆಳಗೆ ನೋಡುತ್ತಾರೆ. ಎಂಜಿನ್ನಿಗೆ ಉಸಿರು ಕೊಡುವ ಗಾಳಿಯೇ ತಗಡನ್ನು ತಿನ್ನುತ್ತದೆ. ಮರುದಿನವೇ ಘಾಟಿ ಹತ್ತಿಸಿದೆ.

ಈಗ ಶಿವಾಜಿನಗರ.

ಜಪಾನಿನಲ್ಲಿ ಹಳೆ ಕಾರಿಟ್ಟವರ ಅದೃಷ್ಟವೇ ಬೇರೆ. ಹೋಂಡಾದ್ದೇ ಸ್ಪೋರ್ಟ್ಸ್ ಕಾರು ಎನ್‌ಎಸ್‌ಎಕ್ಸ್ ಇದ್ದವರು ಅದನ್ನು ಹೋಂಡಾಗೆ ಕೊಟ್ಟು ಹೊಸದರಂತೆ ಮಾಡಿಸಿಕೊಳ್ಳುವ ಏರ್ಪಾಡು 1993ರಿಂದಲೇ ಇದೆ. ನಿಸಾನ್ 2017ರಲ್ಲಿ ಹಳೆ ಸ್ಕೈಲೈನ್ ಜಿಟಿ-ಆರ್‌ನ ಬಿಡಿಭಾಗಗಳನ್ನು ಮತ್ತೆ ತಯಾರಿಸಲು ಶುರುಮಾಡಿತು. ಮಜ್ಡಾ ಕೂಡ ತನ್ನ ಮೊದಲ ಎಂಎಕ್ಸ್-5ಗಳನ್ನು ತಾನೇ ರಿಪೇರಿ ಮಾಡಿಕೊಡಲು ಮುಂದಾಯಿತು. ನಮ್ಮ ಸಿಟಿ ಅಂಥ ಯಾವ ಪಟ್ಟಿಯಲ್ಲೂ ಇಲ್ಲ. ಹುಟ್ಟಿದ ಮನೆಯಲ್ಲೇ ಕಾಲಿಡದ ಮಗು, ಪಟ್ಟಿಯಲ್ಲಿ ಹೆಸರು ಹೇಗೆ ಬರಬೇಕು? ನಮಗಿರುವುದು ಜೆ.ಸಿ. ರೋಡು, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ.

ಜೆ.ಸಿ. ರೋಡಿನಲ್ಲಿ ಬ್ರೇಕ್ ಪ್ಯಾಡು, ಫಿಲ್ಟರು, ಪ್ಲಗ್ಗು ಎಲ್ಲ ಸಿಗುತ್ತದೆ. ಓಡಿಸಲು ಬೇಕಾದದ್ದು ಸಿಗುತ್ತದೆ ಅನ್ನಿ. ಕಾರು ಕಾರಿನ ಹಾಗೆ ಕಾಣಲು ಬೇಕಾದದ್ದು ಸಿಗುವುದಿಲ್ಲ. ಲೈಟು, ಬೀಡಿಂಗು, ಸೀಟಿನ ಬಟ್ಟೆ, ಎಸಿ ಗುಬ್ಬಿ, ಕಿಟಕಿ ಸ್ವಿಚ್ಚು. ಇವಕ್ಕೆ ಗುಜರಿಯೇ ಗತಿ. ಅಂಗಡಿ ಅಂದರೆ ಅಂಗಡಿ ಅಲ್ಲ. ತಲೆ ಮೇಲೆ ಬಾಗಿಲುಗಳು ನೇತಾಡುತ್ತಿರುತ್ತವೆ, ಕಾಲ ಕೆಳಗೆ ಗೇರ್‌ಬಾಕ್ಸು. ಒಂದು ಮೂಲೆಯಲ್ಲಿ ಬರೀ ಸ್ಟೇರಿಂಗುಗಳು, ಇನ್ನೊಂದರಲ್ಲಿ ಬರೀ ಕನ್ನಡಿಗಳು. ಬೆಳಿಗ್ಗೆ ತಳ್ಳಿಕೊಂಡು ಬಂದ ಕಾರು ಮಧ್ಯಾಹ್ನ ಬಿರಿಯಾನಿ ಹೊತ್ತಿಗೆ ಕಾರಾಗಿ ಉಳಿದಿರುವುದಿಲ್ಲ.

"ಒಎಚ್‌ಸಿ ಸಾಮಾನಾ? ಕಷ್ಟ ಮೇಡಂ. ದಿಲ್ಲಿ ಮಾಲು ಬಂದ್ರೆ ಹೇಳ್ತೀನಿ." ಅಲ್ಲಿ ಈ ಕಾರಿನ ಹೆಸರು ಒಎಚ್‌ಸಿ, ಓಲ್ಡ್ ಹೋಂಡಾ ಸಿಟಿ. ದಿಲ್ಲಿಯಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರು ಓಡಿಸಬಾರದು ಅಂತ ಕೋರ್ಟ್ ಆದೇಶ ಬಂದ ಮೇಲೆ ಎಷ್ಟೋ ಕಾರು ಅಲ್ಲಿಂದ ಬೇರೆ ರಾಜ್ಯಗಳಿಗೆ ಬಂದವು, ಎಷ್ಟೋ ಚೂರಾದವು. ಚೂರಾದವುಗಳ ಒಂದು ಪಾಲು ಹೇಗೋ ಇಲ್ಲಿಗೆ ತಲುಪುತ್ತದೆ.

ಎರಡನೇ ವರ್ಷ ನನಗೆ ಒಂದು ಗ್ಲೋವ್ ಬಾಕ್ಸ್ ಸಿಕ್ಕಿತು. ಮಾವನ ಕಾರಿನದು ಇಲಿ ಕಡಿದು ಮೂಲೆ ಹೋಗಿತ್ತು. ಬೆಲೆ ಕುದುರಿಸಿ ಮನೆಗೆ ತಂದು ಟೇಬಲ್ಲಿನ ಮೇಲಿಟ್ಟು ತೆಗೆದೆ. ಒಳಗೆ 2006ರ ಒಂದು ಪೆಟ್ರೋಲ್ ಬಂಕಿನ ಚೀಟಿ, ಅಕ್ಷರ ಮಾಸಿದ್ದು. ಧರ್ಮಸ್ಥಳದ ಕುಂಕುಮದ ಪೊಟ್ಟಣ. ಒಂದು ಮಗುವಿನ ಸಾಕ್ಸ್, ಒಂದೇ ಕಾಲಿನದು, ಹಳದಿ ಬಾತುಕೋಳಿ ಚಿತ್ರ ಇದ್ದದ್ದು. ಅಂದರೆ ಇದು ದಿಲ್ಲಿ ಮಾಲಲ್ಲ. ಈ ಊರಲ್ಲೇ ಎಲ್ಲೋ ಓಡಾಡಿದ ಕಾರು. ಯಾರೋ ಇದರಲ್ಲಿ ಕೂತು ಧರ್ಮಸ್ಥಳಕ್ಕೆ ಹೋಗಿಬಂದಿದ್ದಾರೆ. ಆ ಮಗುವಿಗೆ ಈಗ ಇಪ್ಪತ್ತಾಗಿರಬೇಕು.

ಅವತ್ತು ರಾತ್ರಿ ಸುಮ್ನೆ ಲೆಕ್ಕ ಹಾಕಿದೆ. ಎಡಗಡೆ ಹಿಂಬಾಗಿಲು ಒಂದು ಕಪ್ಪು ಕಾರಿನದು. ವೈರಿಂಗ್ ಕಿಟ್ಟು ಎರಡು ಕಾರುಗಳದ್ದು ಸೇರಿಸಿ ಒಂದು. ಕಂಪ್ಯೂಟರು ಹಾಸನದ ಕಡೆ ಮರಕ್ಕೆ ಗುದ್ದಿದ ಕಾರಿನದು. ರೇಡಿಯೇಟರಿನ ಫ್ಯಾನು, ಸ್ಟೇರಿಂಗ್ ರ‍್ಯಾಕು, ಈಗ ಗ್ಲೋವ್ ಬಾಕ್ಸು. ಮಾವನ ಕಾರಿನೊಳಗೆ ಏಳು ಸತ್ತ ಕಾರುಗಳಿವೆ. ರಿಸ್ಟೋರ್ ಮಾಡಿದ್ದೇನೆ ಅಂತ ನಾನು ಹೇಳಿಕೊಂಡು ತಿರುಗುತ್ತೇನೆ. ಯಾವುದನ್ನು? ಸಾಕ್ಸನ್ನು ಬಿಸಾಡಲು ಆಗಲಿಲ್ಲ. ಅದೇ ಗ್ಲೋವ್ ಬಾಕ್ಸಿನಲ್ಲಿ ಹಾಗೇ ಇಟ್ಟಿದ್ದೇನೆ, ಕುಂಕುಮದ ಜೊತೆ.

ಎಲ್ಲವನ್ನೂ ಗುಜರಿಯಿಂದ ತರಬೇಕಿಲ್ಲ ಅಂತ ಕಲಿಸಿದ್ದು ಬಿಡದಿ. ಏಪ್ರಿಲ್ ಬಿಸಿಲು. ತಟ್ಟೆ ಇಡ್ಲಿ ತಿಂದು ಬಂದು ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಭಾಯ್‌ಗೆ ಫೋನ್ ಮಾಡಿದೆ.

"ಕೀ ಆನ್ ಮಾಡಿ, ಸೆಲ್ಫ್ ಬೇಡ. ಹಿಂದ್ಗಡೆಯಿಂದ ಜುಯ್ ಅಂತ ಬರ್ತಿದ್ಯಾ?"

"ಇಲ್ಲ."

"ಗ್ಲಾಸೆಲ್ಲ ಇಳಿಸಿ, ಎಳನೀರು ಕುಡೀರಿ. ಅರ್ಧ ಗಂಟೆ ಬಿಟ್ಟು ಹೊಡೀರಿ."

ಹಾಗೇ ಆಯಿತು. ಅರ್ಧ ಗಂಟೆಗೆ ಜುಯ್ ಬಂತು, ಕಾರು ಹೊರಟಿತು. ಕೀ ಆನ್ ಮಾಡಿದ ತಕ್ಷಣ ಪೆಟ್ರೋಲ್ ಪಂಪು ಎರಡು ಸೆಕೆಂಡು ಓಡಬೇಕು. ಅದಕ್ಕೆ ಕರೆಂಟು ಕೊಡುವುದು ಡ್ಯಾಶ್‌ಬೋರ್ಡಿನ ಕೆಳಗಿರುವ ಒಂದು ರಿಲೇ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಇಪ್ಪತ್ತು ಬೇಸಿಗೆ ಕಂಡ ಬೆಸುಗೆ ಒಳಗೆ ಬಿರುಕು ಬಿಟ್ಟಿರುತ್ತದೆ. ಬಿಸಿಗೆ ಬಿರುಕು ಅಗಲವಾಗುತ್ತದೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಆ ರಿಲೇ ಬಿಚ್ಚಿ ಮಾವನ ಮನೆಗೆ ಒಯ್ದೆ. ಮಾವ ಮೇಜಿನ ಖಾನೆಯಿಂದ ತಮ್ಮ ಗಡಿಯಾರದ ಕಾಲದ ಭೂತಗನ್ನಡಿ ತೆಗೆದುಕೊಟ್ಟರು, ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. ನೋಡಿದೆ. ಒಂದು ಪಿನ್ನಿನ ಸುತ್ತ, ಬೆಸುಗೆಯ ಬೂದು ಗುಡ್ಡದ ಮೇಲೆ, ಕೂದಲೆಳೆಯಂಥ ಕಪ್ಪು ಉಂಗುರ. ಎಸ್.ಪಿ. ರೋಡಿನಲ್ಲಿ ತಂದ ಸೋಲ್ಡರಿಂಗ್ ಐರನ್ ಮುಟ್ಟಿಸಿದೆ. ಬೂದು ಗುಡ್ಡ ಬೆಳ್ಳಿಯ ಹನಿಯಾಗಿ ಹೊಳೆದು ಉಂಗುರ ಮುಚ್ಚಿಕೊಂಡಿತು. ಖರ್ಚು ಹತ್ತು ರೂಪಾಯಿಯ ಬೆಸುಗೆ ತಂತಿ. "ಹೊಗೆ ವಾಸನೆ ಬಂತು. ಸರಿಯಾಗಿ ಹಿಡೀತು" ಅಂದರು ಮಾವ. ಅವರಿಗೆ ಕಂಡಿರಲಿಲ್ಲ.

ಮಾವನ ಕಿವಿಯ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು ನೋಡಿ, ಟ್ಯಾಪೆಟ್ ಸೆಟ್ಟಿಂಗಿಗೂ, ಅಂದರೆ ವಾಲ್ವು ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು ಸರಿಮಾಡಲೂ, ಅವರನ್ನೇ ಕರೆದುಕೊಂಡು ಹೋದೆ. ಬಾನೆಟ್ ಮುಂದೆ ಕುರ್ಚಿ ಹಾಕಿ ಕೂರಿಸಿದೆವು. ಕಣ್ಣು ಮುಚ್ಚಿ ಕೇಳಿ, "ಮೂರನೇದು ಸಡಿಲ" ಅಂದರು. ಎಂಜಿನ್ ತಣ್ಣಗಾಗಲು ಬಿಟ್ಟು ಭಾಯ್ ಫೀಲರ್ ಗೇಜ್ ತೂರಿಸಿದರು. ಸಂದು ಇರಬೇಕಾದದ್ದು ಸುಮಾರು ಮಿಲಿಮೀಟರಿನ ಐದನೇ ಒಂದು ಭಾಗ. ಮೂರನೆಯದು ಸರಿಯಾಗೇ ಇತ್ತು. ಸಡಿಲ ಇದ್ದದ್ದು ಒಂದನೆಯದು. "ನೀವು ಆ ಕಡೆಯಿಂದ ಎಣಿಸ್ತಿದ್ದೀರಾ?" ಅಂತ ಕೇಳಿದರು ಮಾವ. ಯಾವ ಕಡೆಯಿಂದ ಎಣಿಸಿದರೂ ನಾಲ್ಕರಲ್ಲಿ ಒಂದು ಮೂರಾಗುವುದಿಲ್ಲ. ಭಾಯ್ ಮಾತ್ರ "ಹಾಂ, ಇರಬಹುದು ಸಾರ್" ಅಂದರು.

ಬಣ್ಣದ ಕೆಲಸದ್ದೇ ದೊಡ್ಡ ಖರ್ಚು. ಟಿಂಕರಿಂಗ್ ಮಾಡುವವರು ಕಾರಿನ ಸುತ್ತ ಒಂದು ಚಿಕ್ಕ ಅಯಸ್ಕಾಂತ ಹಿಡಿದು ಬಂದರು. ತಗಡಿದ್ದ ಕಡೆ ಅಂಟಿತು, ಬಲಗಡೆ ಹಿಂಚಕ್ರದ ಮೇಲೆ ಜಾರಿ ಬಿತ್ತು. "ಇಲ್ಲಿ ಪುಟ್ಟಿ ಜಾಸ್ತಿ ಇದೆ" ಅಂದರು. ನಾನು ಬೆಚ್ಚಿದೆ. ನನ್ನನ್ನು ಪುಟ್ಟಿ ಅನ್ನುವುದು ಮಾವ ಒಬ್ಬರೇ. ಯಾವತ್ತೋ ಗುದ್ದಿಸಿಕೊಂಡು, ಅಮ್ಮನಿಗೆ ಗೊತ್ತಾಗದ ಹಾಗೆ ಪುಟ್ಟಿ ಮೆತ್ತಿಸಿದ್ದರು ಮಾವ. ಕೆರೆದರೆ ಒಳಗೆ ತುಕ್ಕು ಜಾಲರಿ. ಕತ್ತರಿಸಿ ಹೊಸ ತಗಡು ಬೆಸೆಯುವುದೋ, ಮೇಲೆ ಮತ್ತೆ ಪುಟ್ಟಿ ಮೆತ್ತುವುದೋ? ಎರಡನೆಯದು ಕಾಲು ಭಾಗದ ದುಡ್ಡಿನಲ್ಲಿ ಮುಗಿಯುತ್ತದೆ, ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ನಾನು ತಗಡು ಹಾಕಿಸಿದೆ. ನನ್ನ ಅಭಿಪ್ರಾಯ ಕೇಳಿದರೆ, ಕಾಣದ ಕಡೆ ದುಡ್ಡು ಹಾಕದವರು ಹಳೆ ಕಾರಿನ ತಂಟೆಗೆ ಹೋಗಬಾರದು, ಹೊಸದು ತಗೊಂಡು ಇಎಂಐ ಕಟ್ಟಿಕೊಂಡು ಆರಾಮಾಗಿರಬಹುದು. ಇಲ್ಲಿಯವರೆಗೆ ಒಟ್ಟು ಮೂರು ಲಕ್ಷದ ಮೇಲೆ ಹೋಗಿದೆ. ಮಾರಿದರೆ ಅದರ ಅರ್ಧ ಬಂದರೆ ಪುಣ್ಯ.

ಪೆಟ್ರೋಲಿನದೂ ಒಂದು ತಲೆನೋವು. 2023ರ ಫೆಬ್ರವರಿ 6ರಂದು ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಈಗ ಎಲ್ಲ ಬಂಕಿನಲ್ಲೂ ಅದೇ. ಎಥನಾಲ್ ನೀರು ಹೀರಿಕೊಳ್ಳುತ್ತದೆ, ಹಳೆ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಇದ್ದ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದೆ. ಈಗ ವಾರಕ್ಕೊಮ್ಮೆಯಾದರೂ ಓಡಿಸುತ್ತೇನೆ, ಟ್ಯಾಂಕಿನಲ್ಲಿ ಹಳೆ ಪೆಟ್ರೋಲು ನಿಲ್ಲಲು ಬಿಡುವುದಿಲ್ಲ. ಎಮಿಷನ್ ಟೆಸ್ಟಿನ ಹುಡುಗ ಮಾತ್ರ ಪ್ರತಿ ಸಲ ಮೀಟರು ನೋಡಿ, ಕಾರು ನೋಡಿ, ಮತ್ತೆ ಮೀಟರು ನೋಡುತ್ತಾನೆ.

2022ರಲ್ಲಿ ಆರ್‌ಸಿ ರಿನ್ಯೂ ಮಾಡಿಸಿದಾಗ ಶುಲ್ಕ 600 ರೂಪಾಯಿಂದ 5,000ಕ್ಕೆ ಏರಿ ಕೆಲವೇ ತಿಂಗಳಾಗಿತ್ತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ನಮ್ಮದು ಮುಂದಿನ ಸಲ ಹೋಗಬೇಕಾದದ್ದು 2027ಕ್ಕೆ. ಗ್ರೀನ್ ಟ್ಯಾಕ್ಸ್ ಬೇರೆ. ಅಮ್ಮನ ಸೈಟಿನ ಲೆಕ್ಕಕ್ಕೆ ಇದೂ ಸೇರುತ್ತದೆ.

ಹಾಗಂತ ಅಮ್ಮನಿಗೆ ಕಾರಿನ ಮೇಲೆ ಸಿಟ್ಟೇನಿಲ್ಲ. ಆಯುಧಪೂಜೆಗೆ ಬೆಳಿಗ್ಗೆ ಅವಳೇ ಮುಂದೆ ನಿಂತು ತೊಳೆಸುತ್ತಾಳೆ. ಬಾಳೆಕಂದು, ಚೆಂಡುಹೂವು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಬಣ್ಣ ಹೊಡೆದವರು "ಕುಂಕುಮ ಜಾಸ್ತಿ ಹೊತ್ತು ಬಿಡ್ಬೇಡಿ, ಕಲೆ ನಿಲ್ಲುತ್ತೆ" ಅಂದಿದ್ದರು. ಬಾನೆಟ್ಟಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ ಅದರ ಮೇಲೆ ಇಡಮ್ಮ ಅಂದೆ. "ದೇವರಿಗೆ ರೇನ್‌ಕೋಟಾ?" ಅಂತ ಕೇಳಿ, ಬೆರಳು ತುಂಬ ಕುಂಕುಮ ತೆಗೆದು ನೇರ ಬಣ್ಣದ ಮೇಲೆ ಇಟ್ಟಳು. ಕಲೆ ನಿಂತಿದೆ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತದೆ.

ಹೋದ ತಿಂಗಳು ದಾವಣಗೆರೆಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಗುಜರಿಯವರೇ ನನ್ನ ನಂಬರ್ ಕೊಟ್ಟರಂತೆ. ಅವನದೂ ಇದೇ ಕಾರು, ಅವನ ಅಪ್ಪನದು. ಡಿಸ್ಟ್ರಿಬ್ಯೂಟರಿನ ಬೇರಿಂಗ್ ಹೋಗಿ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ, ನಾಲ್ಕು ತಿಂಗಳಿಂದ ಶೆಡ್ಡಿನಲ್ಲಿ ನಿಂತಿದೆ. "ಅಕ್ಕಾರೆ, ನಿಮ್ಮತ್ರ ಎಕ್ಸ್‌ಟ್ರಾ ಐತಂತಲ್ರೀ. ರೇಟ್ ಎಷ್ಟಾದ್ರೂ ಹೇಳ್ರಿ."

ನನ್ನ ಬಾಯಿಂದ ಮೊದಲು ಬಂದದ್ದು "ಇಲ್ಲ" ಅಂತ. ಆಮೇಲೆ "ನೋಡಿ ಹೇಳ್ತೀನಿ" ಅಂದೆ.

ನೋಡುವುದೇನು, ಎರಡಿವೆ. ಕಾರಿನಲ್ಲಿರುವುದು ಮೂರನೆಯದು, ಅದು ಚೆನ್ನಾಗೇ ಓಡುತ್ತಿದೆ. ಆದರೆ ಮಂಚದ ಕೆಳಗಿನ ಒಂದರ ಒಳಗಿನ ಕಾಯಿಲ್ ಮೇಲೆ ನನಗೆ ಅನುಮಾನ. ಹಾಗಾಗಿ ಎರಡು ಅಂದರೆ ಒಂದೂವರೆ. ಒಳ್ಳೆಯದನ್ನು ಕೊಟ್ಟರೆ ನನಗೆ ಅರ್ಧ ಉಳಿಯುತ್ತದೆ, ಅನುಮಾನದ್ದನ್ನು ಕೊಟ್ಟರೆ ದಾವಣಗೆರೆ ಹುಡುಗನಿಗೆ ಮೋಸ. ಭಾಯ್‌ಗೆ ಕೇಳಿದೆ. "ಅಕ್ಕ, ಅದು ನಿಮ್ಮ ಇಷ್ಟ" ಅಂತ ಜಾರಿಕೊಂಡರು. ಮಾವನಿಗೆ ಕೇಳಿದೆ. "ಎರಡೂ ಇಟ್ಕೊ ಪುಟ್ಟಿ, ಅವನು ಎಲ್ಲಾದ್ರೂ ನೋಡ್ಕೋತಾನೆ" ಅಂದರು, ಒಂದು ಕ್ಷಣವೂ ಯೋಚಿಸದೆ. ಅಮ್ಮನಿಗೆ ಕೇಳಲಿಲ್ಲ. ಕೇಳಿದರೆ ಎರಡನ್ನೂ ಇವತ್ತೇ ಕೊರಿಯರ್ ಮಾಡಿಬಿಡುತ್ತಾಳೆ, ಜಾಗ ಖಾಲಿಯಾಗಲಿ ಅಂತ.

ನಿನ್ನೆ ರಾತ್ರಿ ಗೊಂಬೆ ಪೆಟ್ಟಿಗೆ ಸರಿಸಿ, ಒಳ್ಳೆಯದನ್ನು ಹೊರಗೆ ಎಳೆದೆ. ಪೇಪರು ಬಿಚ್ಚಿ ಶಾಫ್ಟು ತಿರುಗಿಸಿ ನೋಡಿದೆ. ನುಣ್ಣಗೆ ತಿರುಗಿತು, ಸದ್ದೇ ಇಲ್ಲ. ಮತ್ತೆ ಸುತ್ತಿದೆ. ಈಗ ಅದು ಮಂಚದ ಕೆಳಗೂ ಇಲ್ಲ, ದಾವಣಗೆರೆಗೂ ಹೋಗಿಲ್ಲ. ಊಟದ ಟೇಬಲ್ಲಿನ ಮೇಲೆ, ಉಪ್ಪಿನಕಾಯಿ ಪಕ್ಕ ಕೂತಿದೆ. ಅಮ್ಮ ಇನ್ನೂ ಎದ್ದಿಲ್ಲ.